ಸುಬೇದಾರನ ಗೆರೆಯಾಚೆ

ಕಳವಾರದ ಬೆಟ್ಟವನ್ನು ಈಗ ಬೆಂಗಳೂರಿನವರು ಸ್ಕಂದಗಿರಿ ಅನ್ನುತ್ತಾರೆ. ಸೂರ್ಯ ಹುಟ್ಟುವುದನ್ನು ನೋಡಲು ನಸುಕಿನಲ್ಲೇ ಬಂದು ಹತ್ತುತ್ತಾರೆ. ನಮಗೆ ಅದು ಕಳವಾರ ದುರ್ಗ. ಮೇಲೆ ಪಾಳುಬಿದ್ದ ಕೋಟೆ, ಅತ್ತ ಕಡೆ ನಂದಿದುರ್ಗ. ನಾನು ಚಿಕ್ಕವನಿದ್ದಾಗ ಮಿಲಿಟರಿಯಿಂದ ಹವಲ್ದಾರನಾಗಿ ನಿವೃತ್ತನಾಗಿ ಬಂದಿದ್ದ ನಮ್ಮ ಚಿಕ್ಕಪ್ಪ ಆ ಬೆಟ್ಟದ ಬುಡದಲ್ಲಿ ದನ ಮೇಯಿಸುತ್ತಾ ಒಂದು ಮಾತು ಹೇಳುತ್ತಿದ್ದ: 'ಬೆಟ್ಟ ಹತ್ತೋಕೆ ನಮ್ಮೋರು ಬೇಕು ಕಣಪ್ಪಾ. ಹತ್ರೋ ಅನ್ನೋಕೆ ಮಾತ್ರ ಬೇರೆಯೋರು.'

ಆ ಮಾತಿನಲ್ಲಿ ಚರಿತ್ರೆಯಿದೆ ಎಂದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ನಂದಿದುರ್ಗವನ್ನು ಕಿತ್ತುಕೊಂಡಿತು. ಆ ಕಡಿದಾದ ಬೆಟ್ಟಕ್ಕೆ ಫಿರಂಗಿ ಎಳೆಯಲು ಮೊದಲು ದಾರಿ ಕಡಿಯಬೇಕಿತ್ತು. ಇಂಥ ಕೆಲಸ ಮದ್ರಾಸ್ ಸೈನ್ಯದ ಪಯೋನಿಯರ್ ಪಡೆಗಳದ್ದು. ಆ ಪಡೆಗಳಲ್ಲಿ ಪರೆಯರಿದ್ದರು. ಮುಂದೆ ಅದೇ ಪರಂಪರೆ ಮದ್ರಾಸ್ ಸಪ್ಪರ್ಸ್ ಆಗಿ ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ ನೆಲೆಗೊಂಡಿತು. ಕೋಟೆ ಗೆದ್ದವರ ಹೆಸರು ಪುಸ್ತಕಗಳಲ್ಲಿದೆ. ಗುದ್ದಲಿ ಹಿಡಿದವರ ಹೆಸರು ಯಾರಿಗೆ ಬೇಕಾಗಿತ್ತು?

ಆದರೆ ನಾನು ಇಲ್ಲಿ ಎತ್ತಬೇಕೆಂದಿರುವ ತಕರಾರು ಮೇಲ್ಜಾತಿಯ ಚರಿತ್ರೆಕಾರರ ಜೊತೆಗಲ್ಲ, ನಮ್ಮವರ ಜೊತೆಗೇ. ದಲಿತರು ಮತ್ತು ಸೈನ್ಯ ಎಂದ ಕೂಡಲೇ ನಾವು 1818ರ ಜನವರಿ 1ರ ಕೋರೆಗಾಂವಿಗೆ ಹೋಗುತ್ತೇವೆ. ಹೋಗಲೇಬೇಕು. 1927ರಲ್ಲಿ ಬಾಬಾಸಾಹೇಬರೇ ಆ ಸ್ತಂಭದ ಮುಂದೆ ನಿಂತಿದ್ದರು. 'ನಾಕ್' ಎಂದು ಕೊನೆಗೊಳ್ಳುವ ಮಹಾರರ ಹೆಸರುಗಳನ್ನು ಕಲ್ಲಿನ ಮೇಲೆ ಓದಿದಾಗ ಎದೆ ಉಬ್ಬುತ್ತದೆ. ಆದರೆ ಅವತ್ತು ಆ ಪಡೆಗೆ ಆಜ್ಞೆ ಕೊಟ್ಟವನು ಕ್ಯಾಪ್ಟನ್ ಸ್ಟಾಂಟನ್. ನಮಗೆ ಶೌರ್ಯವಿತ್ತು ಎಂದು ಸಾಬೀತು ಮಾಡುವುದರಲ್ಲೇ ನಮ್ಮ ಬರವಣಿಗೆ ಸುಸ್ತಾಗಿದೆ. ಶೌರ್ಯವನ್ನು ಯಾರೂ ನಮ್ಮಿಂದ ಕಸಿಯಲಿಲ್ಲ, ಅದನ್ನು ಬಳಸಿಕೊಂಡರು. ಕಸಿದದ್ದು ಅಧಿಕಾರವನ್ನು. ಈ ಎರಡರ ನಡುವೆ ವ್ಯತ್ಯಾಸ ಮಾಡದೆ ಬರೆದ ಚರಿತ್ರೆ ಅರ್ಧ ಚರಿತ್ರೆ.

ಬ್ರಿಟಿಷರ ಸೈನ್ಯದಲ್ಲಿ ಒಂದು ಗೆರೆಯಿತ್ತು. ಸಿಪಾಯಿ, ನಾಯಕ್, ಹವಲ್ದಾರ್, ಜಮಾದಾರ, ಸುಬೇದಾರ, ಸುಬೇದಾರ್ ಮೇಜರ್ - ಅಲ್ಲಿಗೆ ಏಣಿ ಮುಗಿಯುತ್ತಿತ್ತು. ತಲೆ ನೆರೆತ ಸುಬೇದಾರ್ ಮೇಜರ್ ಕೂಡ ನಿನ್ನೆ ಮೊನ್ನೆ ಹಡಗಿಳಿದು ಬಂದ, ಮೀಸೆ ಮೂಡದ ಬಿಳಿ ಹುಡುಗನ ಕೆಳಗೇ. ಈ ಗೆರೆ ಎಲ್ಲ ಭಾರತೀಯರಿಗೂ ಇತ್ತು, ನಿಜ. ಆದರೆ ಅದು ಅಳಿಸಿದ್ದು ಎಲ್ಲರಿಗೂ ಒಂದೇ ಸಲ ಅಲ್ಲ.

ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲ್ ಆ ಗೆರೆಯ ಹತ್ತಿರಕ್ಕೆ ಹೋದವರು. ಸುಬೇದಾರರಾಗಿ, ಸೈನ್ಯದ ಶಾಲೆಯಲ್ಲಿ ಪಾಠ ಹೇಳಿದವರು. ಆ ಮನೆಗೆ ಅಕ್ಷರ ಬಂದದ್ದು ಪಲ್ಟನ್ನಿನ ಶಾಲೆಯಿಂದ. ಮಗ ಹುಟ್ಟಿದ್ದು 1891ರಲ್ಲಿ. ಅದರ ಮರುವರ್ಷವೇ ಮಹಾರರ ಭರ್ತಿ ನಿಂತಿತು. 'ಸಮರ ಕುಲ'ಗಳು ಮಾತ್ರ ಯುದ್ಧಕ್ಕೆ ಲಾಯಕ್ಕು ಎನ್ನುವ ಸಿದ್ಧಾಂತ, ದಂಡನಾಯಕ ಲಾರ್ಡ್ ರಾಬರ್ಟ್ಸ್‌ನಂಥವರ ಬೆಂಬಲದಿಂದ, ಆಗ ಸೈನ್ಯದ ನೀತಿಯೇ ಆಗಿತ್ತು. ವಸಾಹತುಶಾಹಿ ಮತ್ತು ಚಾತುರ್ವರ್ಣ್ಯ ಒಂದೇ ತಟ್ಟೆಯಲ್ಲಿ ಉಂಡ ಗಳಿಗೆ ಅದು. ಗೋಪಾಲ ಬಾಬಾ ವಲಂಗಕರ್ 1894ರಲ್ಲಿ ಇದರ ವಿರುದ್ಧ ಮನವಿ ಸಿದ್ಧಪಡಿಸಿದರು. ಯಾರೂ ಕಿವಿಗೊಡಲಿಲ್ಲ.

ಇನ್ನೊಂದು ಸಂಗತಿ ನಮ್ಮ ಭಾಷಣಗಳಲ್ಲಿ ಕೇಳಿಬರುವುದು ಕಡಿಮೆ. 1913ರ ಜನವರಿಯಲ್ಲಿ, ಬಿ.ಎ. ಮುಗಿಸಿದ ಅಂಬೇಡ್ಕರ್ ಬರೋಡಾ ಸಂಸ್ಥಾನದ ಪಡೆಯಲ್ಲಿ ಲೆಫ್ಟಿನೆಂಟ್ ಆಗಿ ಸೇರಿದರು ಎಂದು ಧನಂಜಯ ಕೀರ್ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಕೆಲವೇ ದಿನಗಳಲ್ಲಿ ತಂದೆಯ ಕಾಯಿಲೆಯ ಸುದ್ದಿ ಬಂತು, ಹೊರಟರು. ಫೆಬ್ರವರಿ 2ರಂದು ರಾಮಜಿ ತೀರಿಕೊಂಡರು. ಅಪ್ಪ ಸುಬೇದಾರ, ಮಗ ಲೆಫ್ಟಿನೆಂಟ್. ಅದು ಸಂಸ್ಥಾನದ ಹುದ್ದೆ, ಬ್ರಿಟಿಷ್ ದೊರೆಯ ಕಮಿಷನ್ ಅಲ್ಲ. ಆದರೂ ಒಂದು ಮನೆಯೊಳಗೆ ಆ ಗೆರೆಯನ್ನು ದಾಟಿದ್ದಾಯಿತು. ದಾಟಿಸಿದ್ದು ಕತ್ತಿಯಲ್ಲ, ಪದವಿ.

ಇನ್ನು ಏಣಿಯ ತಾರೀಖುಗಳನ್ನು ನೋಡೋಣ. 1917ರಲ್ಲಿ ಭಾರತೀಯರಿಗೆ ದೊರೆಯ ಕಮಿಷನ್ ತೆರೆಯಿತು. ನಮ್ಮ ಕೊಡಗಿನ ಕಾರ್ಯಪ್ಪ 1919ರಲ್ಲಿ ಹಾಗೆ ಅಧಿಕಾರಿಯಾದವರು, ಮುಂದೆ 1949ರಲ್ಲಿ ಮಹಾದಂಡನಾಯಕರಾದವರು. ಸಾಮಾನ್ಯ ಸಿಪಾಯಿಗಳಿಂದ ಅಧಿಕಾರಿಗಳನ್ನು ತಯಾರು ಮಾಡಲು 1929ರಲ್ಲಿ ನೌಗಾಂವ್‌ನಲ್ಲಿ ಕಿಚನರ್ ಕಾಲೇಜು ಶುರುವಾಯಿತು. 1932ರಲ್ಲಿ ಡೆಹ್ರಾಡೂನ್‌ನ ಮಿಲಿಟರಿ ಅಕಾಡೆಮಿ ತೆರೆದಾಗ ಮೊದಲ ತಂಡದ 40 ಸ್ಥಾನಗಳಲ್ಲಿ 15 ಸೈನ್ಯದೊಳಗಿಂದಲೇ ಬಂದವರಿಗೆ.

ಈ ವರ್ಷಗಳಲ್ಲಿ ನಾವೆಲ್ಲಿದ್ದೆವು? ಮೊದಲ ಮಹಾಯುದ್ಧಕ್ಕೆ ಜನ ಬೇಕಾದಾಗ 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದರು, 1921ರಲ್ಲಿ ಬರಖಾಸ್ತು ಮಾಡಿದರು. ಮದ್ರಾಸಿನ ಕಾಲಾಳು ಪಡೆಗಳನ್ನೂ 1920ರ ದಶಕದಲ್ಲಿ ಮುಚ್ಚಿದರು, ಉಳಿದದ್ದು ಸಪ್ಪರ್ಸ್. ಮಹಾರ್ ರೆಜಿಮೆಂಟ್ ಮತ್ತೆ ಹುಟ್ಟಿದ್ದು 1941ರ ಅಕ್ಟೋಬರ್‌ನಲ್ಲಿ, ನಮ್ಮ ಬೆಳಗಾವಿಯಲ್ಲಿ. ಆಗ ಬಾಬಾಸಾಹೇಬರು ವೈಸರಾಯರ ರಕ್ಷಣಾ ಸಲಹಾ ಸಮಿತಿಯಲ್ಲಿದ್ದರು. ಅಂದರೆ ಸಿಪಾಯಿಯಿಂದ ಅಧಿಕಾರಿಯಾಗುವ ಏಣಿಯನ್ನು ನಿಲ್ಲಿಸಿದ ಕಾಲದಲ್ಲಿ ನಮ್ಮವರಲ್ಲಿ ಬಹುಪಾಲು ಜನ ಏಣಿ ಇಟ್ಟ ಅಂಗಳದಲ್ಲೇ ಇರಲಿಲ್ಲ. ಬಾಗಿಲು ತೆರೆದದ್ದು ಒಳಗಿದ್ದವರಿಗೆ. ನಮ್ಮನ್ನು ಮೊದಲೇ ಹೊರಗೆ ಹಾಕಿದ್ದರು. ಆಮೇಲೆ 'ಅವರಲ್ಲಿ ಅಧಿಕಾರಿಗಳು ಯಾಕಿಲ್ಲ?' ಎಂದರೆ ಏನು ಹೇಳುವುದು?

ಸ್ವಾತಂತ್ರ್ಯದ ನಂತರ ಏಣಿ ಉಳಿಯಿತು. ಕಿಚನರ್ ಕಾಲೇಜಿನ ಪರಂಪರೆಯಲ್ಲೇ 1960ರಲ್ಲಿ ಆರ್ಮಿ ಕೆಡೆಟ್ ಕಾಲೇಜು ಆಯಿತು. ನೌಗಾಂವ್‌ನಿಂದ ಪುಣೆಗೆ, 1977ರಲ್ಲಿ ಡೆಹ್ರಾಡೂನಿಗೆ ಹೋಯಿತು. ಸೇವೆಯಲ್ಲಿರುವ ಸಿಪಾಯಿ ಲಿಖಿತ ಪರೀಕ್ಷೆ ಮತ್ತು ಆಯ್ಕೆ ಮಂಡಳಿ ದಾಟಿದರೆ ಮೂರು ವರ್ಷ ಓದಿ ಪದವಿ ಪಡೆದು, ಒಂದು ವರ್ಷ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಲೆಫ್ಟಿನೆಂಟ್ ಆಗಬಹುದು. ಮೀಸಲಾತಿಯಿಲ್ಲ. ಸೈನ್ಯವನ್ನು ಅದರಿಂದ ಹೊರಗಿಟ್ಟಿದ್ದಾರೆ.

ನಮ್ಮ ಚಿಕ್ಕಪ್ಪ ಈ ಪರೀಕ್ಷೆ ಬರೆದಿದ್ದ. ಲಿಖಿತದಲ್ಲಿ ಪಾಸಾದ. ಆಯ್ಕೆ ಕೇಂದ್ರದಲ್ಲಿ ನಾಲ್ಕೈದು ದಿನ. ಗೋಡೆ ಹತ್ತುವುದು, ಹಳ್ಳ ಹಾರುವುದರಲ್ಲಿ ಅವನೇ ಮುಂದು. ಆಮೇಲೆ ಉಳಿದ ಹುಡುಗರನ್ನು ಕೈಕೆಳಗೆ ಕೊಟ್ಟು ಕೆಲಸ ಮಾಡಿಸು ಎನ್ನುವ ಪರೀಕ್ಷೆ ಬಂತು. ಅದೂ ಇಂಗ್ಲಿಷಿನಲ್ಲಿ. 'ಜೀವ್ನೆಲ್ಲಾ ಬುದ್ದೀ ಬುದ್ದೀ ಅಂದ ನಾಲ್ಗೆ ಕಣಪ್ಪಾ. ಅವತ್ತು ಏಳ್ಲೇ ಇಲ್ಲ' ಅನ್ನುತ್ತಿದ್ದ. ಯಾರೂ ಜಾತಿ ಕೇಳಲಿಲ್ಲ, ಯಾರೂ ಬೈಯಲಿಲ್ಲ. 'ನಾಯಕತ್ವದ ಗುಣ' ಸಾಲದೆಂದು ವಾಪಸು ಕಳಿಸಿದರು. ಅದೇ ನಾಲಿಗೆ ಮುಂದೆ ಹವಲ್ದಾರನಾಗಿ ಪರೇಡ್ ಮೈದಾನವನ್ನೇ ನಡುಗಿಸಿತು. ಹಾಗಾದರೆ ಇಲ್ಲದಿದ್ದದ್ದು ಗುಣವೋ, ಭಾಷೆಯೋ?

ಅಷ್ಟಾದರೂ ಪೆನ್ಷನ್ ಹಿಡಿದು ಊರಿಗೆ ಬಂದ ಹವಲ್ದಾರನಿಗೆ ಹೋಟೆಲಿನಲ್ಲಿ ಬೇರೆ ಲೋಟ ಕಾದಿತ್ತು.

'ಯೋಗ್ಯತೆ' ಎನ್ನುವ ಪದವನ್ನು ನಮ್ಮ ವಿಮರ್ಶಕರು ಸಾಹಿತ್ಯದಲ್ಲಿ ಬಿಚ್ಚಿ ನೋಡಿದ್ದಾರೆ. ಸೈನ್ಯದಲ್ಲೂ ಬಿಚ್ಚಿ ನೋಡಬೇಕು. ಆಜ್ಞೆ ಮಾಡುವ ಧ್ವನಿ ಹುಟ್ಟಿನಿಂದ ಬರುವುದಿಲ್ಲ. ಯಾರ ಅಂಗಳದಲ್ಲಿ ಯಾರು ಕೂತಿದ್ದರು, ಯಾರು ನಿಂತಿದ್ದರು ಎನ್ನುವುದರಿಂದ ಬರುತ್ತದೆ. ಹಾಗೆಂದು ಏಣಿಯನ್ನು ಒದೆಯುವುದು ನನ್ನ ಮಾತಲ್ಲ. ನಮ್ಮ ಹಾಸ್ಟೆಲುಗಳ ಹುಡುಗರಿಗೆ ಭರ್ತಿ ಮೇಳದ ಓಟವನ್ನಷ್ಟೇ ಅಲ್ಲ, ಈ ಪರೀಕ್ಷೆಯನ್ನೂ, ಎದ್ದು ನಿಂತು ಮಾತಾಡುವುದನ್ನೂ ಕಲಿಸುವ ಕೆಲಸ ಸಂಘಟನೆಗಳದ್ದು. 2022ರಿಂದ ಅಗ್ನಿಪಥ ಬಂದಿದೆ. ನಾಲ್ಕು ವರ್ಷದ ಸೇವೆ, ಹೆಚ್ಚೆಂದರೆ ನೂರಕ್ಕೆ 25 ಮಂದಿ ಉಳಿಯುತ್ತಾರೆ. ಇಷ್ಟು ಗಿಡ್ಡ ಸೇವೆಯಲ್ಲಿ ಕೂಲಿಯವನ ಮಗ ಏಣಿ ಹುಡುಕುವುದು ಯಾವಾಗ, ಹತ್ತುವುದು ಯಾವಾಗ? ಈ ಪ್ರಶ್ನೆಯನ್ನು ಕೋರೆಗಾಂವಿನ ದಿನದ ಭಾಷಣದಲ್ಲಿ ನಾವು ಕೇಳುತ್ತಿಲ್ಲ.

ಚಿಕ್ಕಪ್ಪ ಈಗಿಲ್ಲ. ಅವನ ಟ್ರಂಕು ನಮ್ಮ ಮನೆಯಲ್ಲಿದೆ. ಅದರೊಳಗೆ ಪದಕಗಳ ಕೆಳಗೆ, ಮಡಚಿಟ್ಟ ಆ ಲಿಖಿತ ಪರೀಕ್ಷೆಯ ಪಾಸಾದ ಕಾಗದ. ಪದಕಗಳನ್ನು ಅವನು ಯಾರು ಕೇಳಿದರೂ ತೋರಿಸುತ್ತಿದ್ದ. ಕಾಗದವನ್ನು ನನಗೊಬ್ಬನಿಗೇ ತೋರಿಸಿದ್ದು.