ಮೆಲ್ನಿಬೊನೆಯ ಎಲ್ರಿಕ್

ಎಲ್ರಿಕ್ ಎಂಬುದು ಆಂಗ್ಲ ಲೇಖಕ ಮೈಕಲ್ ಮೂರ್ಕಾಕ್ (ಜನನ: 18 ಡಿಸೆಂಬರ್ 1939, ಲಂಡನ್) ಸೃಷ್ಟಿಸಿದ ಕಾಲ್ಪನಿಕ ಪಾತ್ರ. 1961ರಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಈತ ಮೆಲ್ನಿಬೊನೆ ಎಂಬ ಪ್ರಾಚೀನ ದ್ವೀಪಸಾಮ್ರಾಜ್ಯದ 428ನೆಯ ಹಾಗೂ ಕೊನೆಯ ಚಕ್ರವರ್ತಿ. ಅದ್ಭುತಲೋಕದ ಮಹಾಕಾವ್ಯಸದೃಶ ಕಥನದಲ್ಲಿ ಭೀತಿ, ವಿನಾಶ ಮತ್ತು ನೈತಿಕ ಸಂದಿಗ್ಧಗಳಿಗೆ ಪ್ರಾಧಾನ್ಯ ನೀಡುವ, ಇಂದು ಡಾರ್ಕ್ ಫ್ಯಾಂಟಸಿ ಎಂದು ಕರೆಯಲಾಗುವ ಪ್ರಕಾರದ ಪ್ರಮುಖ ಕೃತಿಗಳಲ್ಲಿ ಈ ಕಥಾಮಾಲೆಯೂ ಒಂದು. ಇದರ ಪ್ರಭಾವವು ಚಲನಚಿತ್ರಕ್ಕಿಂತ ರಾಕ್ ಮತ್ತು ಹೆವಿ ಮೆಟಲ್ ಸಂಗೀತದಲ್ಲಿ ಹೆಚ್ಚಾಗಿ ಕಂಡುಬರುತ್ತದೆ.

ಹಿನ್ನೆಲೆ

ಬ್ರಿಟನ್ನಿನ ಸೈನ್ಸ್ ಫ್ಯಾಂಟಸಿ ಪತ್ರಿಕೆಯ ಸಂಪಾದಕ ಜಾನ್ ಕಾರ್ನೆಲ್ ಅವರು ರಾಬರ್ಟ್ ಇ. ಹೊವಾರ್ಡ್‌ನ ಕೊನಾನ್ ಕಥೆಗಳ ಮಾದರಿಯ ಬರಹವನ್ನು ಮೂರ್ಕಾಕ್ ಅವರಿಂದ ಅಪೇಕ್ಷಿಸಿದ್ದರು. ಮೂರ್ಕಾಕ್ ಬರೆದುಕೊಟ್ಟದ್ದು ಕೊನಾನ್‌ನ ತಿರುಗುಮುರುಗಾದ ಪ್ರತಿಬಿಂಬವನ್ನು. ಕೊನಾನ್ ಬಲಿಷ್ಠ, ಅನಾಗರಿಕ, ತೋಳ್ಬಲದಿಂದ ಸಿಂಹಾಸನವೇರಿದವನು. ಎಲ್ರಿಕ್ ಹುಟ್ಟಿನಿಂದಲೇ ದುರ್ಬಲ. ವರ್ಣದ್ರವ್ಯವಿಲ್ಲದ ಬಿಳಿಚಿದ ಮೈ, ಕೆಂಪು ಕಣ್ಣುಗಳು. ಗಿಡಮೂಲಿಕೆಗಳ ಔಷಧವಿಲ್ಲದೆ ನಡೆಯಲೂ ಆಗದವನು. ಗ್ರಂಥಾಲಯದಲ್ಲಿ ಬೆಳೆದ ವಿದ್ವಾಂಸ. ಪಿತ್ರಾರ್ಜಿತವಾಗಿ ಬಂದ ಸಿಂಹಾಸನವನ್ನು ತಾನೇ ನಾಶಮಾಡುವವನು.

ಸೆಕ್ಸ್‌ಟನ್ ಬ್ಲೇಕ್ ಪತ್ತೇದಾರಿ ಕಥೆಗಳಲ್ಲಿ ಆಂಥೊನಿ ಸ್ಕೀನ್ ಚಿತ್ರಿಸಿದ ಝೆನಿತ್ ಎಂಬ ಬಿಳಿಮೈಯ ಖಳನಾಯಕನೂ, ಪೋಲ್ ಆಂಡರ್ಸನ್ ಅವರ 1954ರ ದಿ ಬ್ರೋಕನ್ ಸ್ವೋರ್ಡ್ ಕಾದಂಬರಿಯೂ ಈ ಪಾತ್ರದ ರೂಪಣೆಗೆ ಕಾರಣವಾದುವೆಂದು ಲೇಖಕರೇ ಹೇಳಿಕೊಂಡಿದ್ದಾರೆ. ಜೆ. ಆರ್. ಆರ್. ಟೋಲ್ಕಿನ್ ಅವರ ಟೂರಿನ್‌ನ ಕಪ್ಪು ಖಡ್ಗದಿಂದ ಎಲ್ರಿಕ್‌ನ ಖಡ್ಗ ಹುಟ್ಟಿತೆಂಬ ಅಭಿಪ್ರಾಯ ಕೆಲವೊಮ್ಮೆ ಕೇಳಿಬರುವುದುಂಟು, ಇದು ಸರಿಯಲ್ಲ. ಟೂರಿನ್‌ನ ಕಥೆಯನ್ನೊಳಗೊಂಡ ದಿ ಸಿಲ್ಮರಿಲಿಯನ್ ಪ್ರಕಟವಾದದ್ದು 1977ರಲ್ಲಿ, ಎಲ್ರಿಕ್ ಕಥೆ ಮುಗಿದು ಹದಿಮೂರು ವರ್ಷಗಳ ಅನಂತರ. ಟೋಲ್ಕಿನ್ ಶೈಲಿಯ ಬಗ್ಗೆ ಮೂರ್ಕಾಕ್ ಅವರಿಗೆ ಒಲವಿರಲಿಲ್ಲ. ಓದುಗನನ್ನು ಸಂತೈಸಿ ಮಲಗಿಸುವ ಬರವಣಿಗೆಯೆಂದು ಅದನ್ನು ಎಪಿಕ್ ಪೂ ಎಂಬ 1978ರ ಪ್ರಬಂಧದಲ್ಲಿ ಕಟುವಾಗಿ ಟೀಕಿಸಿದರು.

ಈ ಬಗೆಯ ಸಾಹಿತ್ಯಕ್ಕೆ ಹೆಸರು ಬಂದ ಬಗೆಯೂ ಇದೇ ಕಾಲಕ್ಕೆ ಸೇರಿದ್ದು. ಹೊವಾರ್ಡ್ ಮಾದರಿಯ ಕಥೆಗಳಿಗೆ ಒಂದು ಹೆಸರು ಬೇಕೆಂದು ಮೂರ್ಕಾಕ್ ಅಭಿಮಾನಿ ಪತ್ರಿಕೆಯೊಂದರಲ್ಲಿ ಕೇಳಿದಾಗ, 1961ರಲ್ಲಿ ಅಮೆರಿಕದ ಲೇಖಕ ಫ್ರಿಟ್ಜ್ ಲೈಬರ್ ಸ್ವೋರ್ಡ್ ಅಂಡ್ ಸಾರ್ಸರಿ, ಅಂದರೆ ಖಡ್ಗ ಮತ್ತು ಮಾಟ, ಎಂಬ ಪದವನ್ನು ಮುಂದಿಟ್ಟರು. ಮೂರ್ಕಾಕ್ ಸೂಚಿಸಿದ್ದ ಹೆಸರು ಎಪಿಕ್ ಫ್ಯಾಂಟಸಿ. ಎರಡೂ ಉಳಿದವು, ಬೇರೆಬೇರೆ ಅರ್ಥದಲ್ಲಿ.

ಕಥಾವಸ್ತು

ಹತ್ತು ಸಾವಿರ ವರ್ಷ ಜಗತ್ತನ್ನಾಳಿದ ಮೆಲ್ನಿಬೊನೆ ಈಗ ಅವನತಿಯಲ್ಲಿದೆ. ಅದರ ಜನರು ಕ್ರೂರರು, ಸುಖಲೋಲುಪರು. ಅವರ ಡ್ರ್ಯಾಗನ್‌ಗಳು ಬಹುಕಾಲ ನಿದ್ರಿಸುತ್ತವೆ. ರಾಜಧಾನಿ ಇಮ್ರಿರ್‌ಗೆ ಕನಸುವ ನಗರಿ ಎಂದು ಹೆಸರು. ಆತ್ಮಸಾಕ್ಷಿಯ ಪ್ರಶ್ನೆಗಳನ್ನು ಕೇಳಿಕೊಳ್ಳುವ ಎಲ್ರಿಕ್‌ನನ್ನು ಅಶಕ್ತನೆಂದು ಭಾವಿಸುವ ದಾಯಾದಿ ಯಿರ್ಕೂನ್ ಸಿಂಹಾಸನಕ್ಕೆ ಹೊಂಚುಹಾಕುತ್ತಾನೆ. ಯಿರ್ಕೂನ್‌ನ ತಂಗಿ ಸಿಮೊರಿಲ್ ಎಲ್ರಿಕ್‌ನ ಪ್ರೇಯಸಿ.

ಸ್ಟಾರ್ಮ್‌ಬ್ರಿಂಗರ್ ಎಂಬ ಕಪ್ಪು ಖಡ್ಗ ಕಥೆಯ ಕೇಂದ್ರ. ಅದಕ್ಕೆ ಪ್ರಜ್ಞೆಯಿದೆ, ಇಚ್ಛೆಯಿದೆ. ಕೊಂದವರ ಆತ್ಮವನ್ನು ಹೀರಿ ಆ ಶಕ್ತಿಯನ್ನು ಒಡೆಯನಿಗೆ ಕೊಡುತ್ತದೆ. ಅದು ಕೈಯಲ್ಲಿದ್ದರೆ ಎಲ್ರಿಕ್‌ಗೆ ಔಷಧ ಬೇಡ. ಆದರೆ ಯಾರ ಆತ್ಮವನ್ನು ಹೀರಬೇಕೆಂಬ ತೀರ್ಮಾನ ಸದಾ ಒಡೆಯನದಾಗಿರುವುದಿಲ್ಲ. ಮೊದಲ ಕಥೆಯಲ್ಲೇ ಎಲ್ರಿಕ್ ಹೊರಗಿನ ದಾಳಿಕೋರರನ್ನು ಕರೆತಂದು ತನ್ನ ನಗರವನ್ನೇ ಸುಡುತ್ತಾನೆ. ಯಿರ್ಕೂನ್‌ನೊಂದಿಗಿನ ಕಾಳಗದಲ್ಲಿ ಸಿಮೊರಿಲ್ ಅದೇ ಖಡ್ಗಕ್ಕೆ ಬಲಿಯಾಗುತ್ತಾಳೆ. ಖಡ್ಗವನ್ನು ಸಮುದ್ರಕ್ಕೆಸೆದರೂ ಅವನು ಅದನ್ನು ಬಿಟ್ಟಿರಲಾರ. ಈ ಅವಲಂಬನೆಯನ್ನು ಮಾದಕವ್ಯಸನದ ರೂಪಕವಾಗಿ ಓದುವುದು ರೂಢಿಯಲ್ಲಿದೆ. ಅದು ಅಸಂಗತವಲ್ಲವಾದರೂ, ತಾನು ಬದುಕಲು ಇನ್ನೊಬ್ಬರು ಸಾಯಲೇಬೇಕೆಂಬ ಸಾಮ್ರಾಜ್ಯದ ಹಳೆಯ ನಿಯಮವೇ ಅದರ ಕೊನೆಯ ದೊರೆಯ ಮೈಗೆ ಅಂಟಿಕೊಂಡಿದೆ ಎಂಬ ಓದು ಪಠ್ಯಕ್ಕೆ ಹೆಚ್ಚು ಹತ್ತಿರವಾದುದು.

ವಿಶ್ವದಲ್ಲಿ ನಿಯಮ ಮತ್ತು ಅವ್ಯವಸ್ಥೆ ಎಂಬೆರಡು ಶಕ್ತಿಗಳು ಸೆಣಸುತ್ತವೆ. ಇವು ಒಳಿತು ಮತ್ತು ಕೆಡುಕುಗಳಲ್ಲ. ಯಾವುದೊಂದು ಪೂರ್ಣವಾಗಿ ಗೆದ್ದರೂ ಬದುಕು ಅಸಾಧ್ಯ. ಎಲ್ರಿಕ್‌ನ ಕುಲದೈವ ಆರಿಯಾಕ್ ಅವ್ಯವಸ್ಥೆಯ ಪಕ್ಷದವನು. ಅಂತಿಮ ಸಮರದಲ್ಲಿ ಎಲ್ರಿಕ್ ಆ ಪಕ್ಷದ ವಿರುದ್ಧವೇ ನಿಲ್ಲುತ್ತಾನೆ. ಪತ್ನಿ ಝರೊಝಿನಿಯ ಸಾಯುತ್ತಾಳೆ. ಹೊಸ ಜಗತ್ತಿನ ಉದಯಕ್ಕಾಗಿ ಕಹಳೆಯನ್ನು ಮೂರನೆಯ ಬಾರಿ ಊದಲು ಶಕ್ತಿ ಸಾಲದಾಗ, ಬಹುಕಾಲದ ಸಂಗಾತಿ ಮೂನ್‌ಗ್ಲಮ್ ತನ್ನ ಪ್ರಾಣವನ್ನು ಕೊಡುತ್ತಾನೆ. ಕೊನೆಗೆ ಖಡ್ಗವು ಎಲ್ರಿಕ್‌ನನ್ನೇ ಕೊಲ್ಲುತ್ತದೆ.

ಪ್ರಕಟಣೆ ಮತ್ತು ಓದುವ ಕ್ರಮ

ಮೊದಲ ಕಥೆ ದಿ ಡ್ರೀಮಿಂಗ್ ಸಿಟಿ 1961ರ ಜೂನ್‌ನಲ್ಲಿ ಅಚ್ಚಾಯಿತು. ನಾಯಕನ ಮರಣವನ್ನು ಹೇಳುವ ಕೊನೆಯ ಭಾಗ 1964ರಲ್ಲೇ ಬಂದಿತು. ಆಗ ಲೇಖಕರಿಗೆ 24 ವರ್ಷ. ಬಿಡಿ ಕಥೆಗಳು ದಿ ಸ್ಟೀಲರ್ ಆಫ್ ಸೋಲ್ಸ್ (1963) ಮತ್ತು ಸ್ಟಾರ್ಮ್‌ಬ್ರಿಂಗರ್ (1965) ಎಂಬ ಪುಸ್ತಕಗಳಾದುವು. ಆಮೇಲೆ ಬರೆದುದೆಲ್ಲವೂ ಆ ಮರಣಕ್ಕೆ ಹಿಂದಿನ ಘಟನೆಗಳು: ಎಲ್ರಿಕ್ ಆಫ್ ಮೆಲ್ನಿಬೊನೆ (1972), ದಿ ಸೇಲರ್ ಆನ್ ದ ಸೀಸ್ ಆಫ್ ಫೇಟ್ (1976), ದಿ ಫೋರ್ಟ್ರೆಸ್ ಆಫ್ ದ ಪರ್ಲ್ (1989), ದಿ ರಿವೆಂಜ್ ಆಫ್ ದ ರೋಸ್ (1991) ಇತ್ಯಾದಿ. ದಿ ಸಿಟಡೆಲ್ ಆಫ್ ಫರ್ಗಾಟನ್ ಮಿತ್ಸ್ 2022ರಲ್ಲಿ ಪ್ರಕಟವಾಯಿತು.

ಹೀಗಾಗಿ ಓದಲು ಎರಡು ದಾರಿಗಳಿವೆ. ಕಥೆಯ ಕಾಲಕ್ರಮವನ್ನು ಅನುಸರಿಸುವವರು 1972ರ ಕಾದಂಬರಿಯಿಂದ ಆರಂಭಿಸಬೇಕು, ಇದು ಸುಗಮ. ಬರೆದ ಕ್ರಮದಲ್ಲಿ ಓದಿದರೆ ಆರಂಭದ ಭಾಷೆ ಒರಟಾಗಿಯೂ ಅವಸರದ್ದಾಗಿಯೂ ಕಾಣಬಹುದು. ಆದರೆ ಸತ್ತವನೆಂದು ಗೊತ್ತಿರುವವನ ಯೌವನವನ್ನು ಓದುವ ವಿಷಾದವು ಆ ಕ್ರಮದಲ್ಲಿ ಮಾತ್ರ ದೊರೆಯುತ್ತದೆ.

ಸಂಗೀತ

ಮೂರ್ಕಾಕ್ ಸ್ವತಃ ಸಂಗೀತಗಾರರು. ಬ್ರಿಟನ್ನಿನ ಹಾಕ್‌ವಿಂಡ್ ತಂಡದೊಂದಿಗೆ ವೇದಿಕೆಯೇರಿದವರು. ಆ ತಂಡದ ದಿ ಕ್ರಾನಿಕಲ್ ಆಫ್ ದ ಬ್ಲ್ಯಾಕ್ ಸ್ವೋರ್ಡ್ (1985) ಆಲ್ಬಮ್ ಸಂಪೂರ್ಣವಾಗಿ ಎಲ್ರಿಕ್‌ನ ಕಥೆಯನ್ನು ಆಧರಿಸಿದೆ. ಅದರ ರಂಗಪ್ರದರ್ಶನದ ಧ್ವನಿಮುದ್ರಣ ಲೈವ್ ಕ್ರಾನಿಕಲ್ಸ್ 1986ರಲ್ಲಿ ಹೊರಬಂತು. ಅಮೆರಿಕದ ಬ್ಲೂ ಆಯ್ಸ್ಟರ್ ಕಲ್ಟ್ ತಂಡದ ಬ್ಲ್ಯಾಕ್ ಬ್ಲೇಡ್ (1980) ಹಾಡಿನ ರಚನೆಯಲ್ಲಿ ಮೂರ್ಕಾಕ್ ಪಾಲ್ಗೊಂಡಿದ್ದರು. ಖಡ್ಗಕ್ಕೆ ಸೆರೆಯಾದವನ ಅಳಲು ಅದರ ವಸ್ತು. ಹೊಸ ಕೇಳುಗರು ಇದರಿಂದ ಆರಂಭಿಸಬಹುದು. ಇಂಗ್ಲೆಂಡಿನ ಟೈಗರ್ಸ್ ಆಫ್ ಪ್ಯಾನ್ ಟ್ಯಾಂಗ್ ತಂಡ ತನ್ನ ಹೆಸರನ್ನೇ ಈ ಕಥೆಗಳಿಂದ ಪಡೆಯಿತು. ಕ್ಯಾಲಿಫೋರ್ನಿಯಾದ ಸಿರಿತ್ ಉಂಗೋಲ್ ತಂಡದ ಹೆಸರು ಟೋಲ್ಕಿನ್ ಅವರದು. ಆದರೆ ಅದರ ಫ್ರಾಸ್ಟ್ ಅಂಡ್ ಫೈರ್ (1981) ಆಲ್ಬಮ್‌ನ ಮುಖಪುಟದಲ್ಲಿರುವುದು ಮೈಕಲ್ ವೇಲನ್ ಬರೆದ ಎಲ್ರಿಕ್‌ನ ಚಿತ್ರ. ಇಬ್ಬರು ಲೇಖಕರ ಜಗಳ ಅಭಿಮಾನಿಗಳನ್ನು ಅಷ್ಟಾಗಿ ಬಾಧಿಸಿದಂತಿಲ್ಲ. ಡೀಪ್ ಪರ್ಪಲ್ ತಂಡದ 1974ರ ಸ್ಟಾರ್ಮ್‌ಬ್ರಿಂಗರ್ ಈ ಕಾದಂಬರಿಯ ರೂಪಾಂತರವಲ್ಲ.

ಇತರ ಮಾಧ್ಯಮಗಳು

ಎಲ್ರಿಕ್‌ನ ಕಥೆ ಚಲನಚಿತ್ರವಾಗಿ ತೆರೆಗೆ ಬಂದಿಲ್ಲ. ಪರೋಕ್ಷವಾಗಿ ಮಾತ್ರ ಬಂದಿದೆ: ಆರಂಭದ ಎಲ್ರಿಕ್ ಕಥೆಗಳ ಚೌಕಟ್ಟನ್ನೇ ಆಧುನಿಕ ಲಂಡನ್ನಿಗೆ ತಂದು ಮೂರ್ಕಾಕ್ ಬರೆದ ದಿ ಫೈನಲ್ ಪ್ರೋಗ್ರಾಮ್ ಕಾದಂಬರಿಯನ್ನು ರಾಬರ್ಟ್ ಫ್ಯೂಸ್ಟ್ 1973ರಲ್ಲಿ ಚಿತ್ರವಾಗಿಸಿದರು. ಲೇಖಕರಿಗೆ ಅದು ಮೆಚ್ಚಿಗೆಯಾಗಲಿಲ್ಲ.

ಚಿತ್ರಕಥೆಗಳಲ್ಲಿ ಸ್ಥಿತಿ ಉತ್ತಮ. 1972ರಲ್ಲಿ ಮಾರ್ವೆಲ್‌ನ ಕೊನಾನ್ ದ ಬಾರ್ಬೇರಿಯನ್ ಮಾಲೆಯ 14 ಮತ್ತು 15ನೆಯ ಸಂಚಿಕೆಗಳಲ್ಲಿ ಎಲ್ರಿಕ್ ತನ್ನ ಪ್ರತಿಬಿಂಬವಾದ ಕೊನಾನ್‌ನನ್ನೇ ಎದುರುಗೊಂಡನು. ಮುಂದೆ ಪಿ. ಕ್ರೇಗ್ ರಸೆಲ್ ಹಲವು ಕಥೆಗಳನ್ನು ಚಿತ್ರಿಸಿದರು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ನಿಯಮ–ಅವ್ಯವಸ್ಥೆ ವಿಭಾಗಕ್ಕೆ ಆಂಡರ್ಸನ್ ಮತ್ತು ಮೂರ್ಕಾಕ್ ಇಬ್ಬರ ಬರಹಗಳೂ ಮೂಲ. ಅವ್ಯವಸ್ಥೆಯ ಗುರುತಾಗಿ ಮೂರ್ಕಾಕ್ ರೂಪಿಸಿದ, ಎಂಟು ದಿಕ್ಕಿಗೂ ಬಾಣಗಳು ಚಾಚಿದ ಚಿಹ್ನೆಯು ವಾರ್‌ಹ್ಯಾಮರ್ ಆಟದ ಮೂಲಕ, ಎಲ್ರಿಕ್‌ನ ಹೆಸರನ್ನೇ ಕೇಳದವರಿಗೂ ಪರಿಚಿತವಾಗಿದೆ.