ಶಸ್ತ್ರಕ್ಕೆ ಮುನ್ನ ಅಪ್ಪಣೆ

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂತ್ರಾಶಯದ ಕಲ್ಲನ್ನು ಕೊಯ್ದು ತೆಗೆಯುವ ಕ್ರಮವಿದೆ. ಕೊಯ್ಯದಿದ್ದರೆ ಮರಣ ನಿಶ್ಚಿತ, ಕೊಯ್ದರೆ ಸಂದೇಹ; ಆದಕಾರಣ ವೈದ್ಯನು ‘ಈಶ್ವರ’ನ ಅಪ್ಪಣೆ ಪಡೆದೇ ಶಸ್ತ್ರ ಹಿಡಿಯತಕ್ಕದ್ದೆಂದು ಅಲ್ಲಿ ವಿಧಿಸಿದೆ. ಇಲ್ಲಿ ಈಶ್ವರನೆಂದರೆ ಶಿವನಲ್ಲ, ಒಡೆಯ. ದೇಸಗತಿಯ ಕಿತ್ತೂರಿಗೂ 1948ರವರೆಗೆ ಸಂಸ್ಥಾನವಾಗಿದ್ದ ರಾಮದುರ್ಗಕ್ಕೂ ಒಡೆಯನ ಅಪ್ಪಣೆಯೆಂಬುದು ಹೊಸ ಮಾತಲ್ಲ. ನೋವು ಉಣ್ಣುವವನನ್ನು ಕೇಳಬೇಕೆಂದು ಮಾತ್ರ ಆ ಶ್ಲೋಕ ಹೇಳುವುದಿಲ್ಲ.

ಕೇಳಬೇಕೆಂಬ ನ್ಯಾಯ ಬಲಿತದ್ದು ಬಹಳ ತಡವಾಗಿ. 1908ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಒಬ್ಬ ಹೆಂಗಸು, ಈಥರ್ ಕೊಟ್ಟು ಪರೀಕ್ಷೆ ಮಾಡಲು ಒಪ್ಪಿದಳು, ಶಸ್ತ್ರಕ್ರಿಯೆ ಬೇಡವೆಂದಳು. ಹಿಂದಿನ ರಾತ್ರಿ ನರ್ಸಿಗೂ ಅದನ್ನೇ ಹೇಳಿದಳು. ಎಚ್ಚರ ತಪ್ಪಿದ ಮೇಲೆ ಗಡ್ಡೆಯನ್ನು ಕೊಯ್ದು ತೆಗೆದೇಬಿಟ್ಟರು. 1914ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕಾರ್ಡೋಜೋ ಅವರು, ತನ್ನ ದೇಹಕ್ಕೆ ಏನಾಗಬೇಕೆಂಬುದನ್ನು ನಿರ್ಣಯಿಸುವ ಹಕ್ಕು ಬುದ್ಧಿ ಬಲಿತ ಪ್ರತಿಯೊಬ್ಬರದು ಎಂದರು. ಈ ಮಾತನ್ನು ಲೋಕವೆಲ್ಲ ಹೇಳುತ್ತದೆ. ಆದರೆ ನರ್ಸು ವಿಧೇಯತೆಯಲ್ಲಿ ಪಳಗಿದವಳು, ಇಂಥದನ್ನು ತೂಗಿ ನೋಡುವುದು ಅವಳ ಕೆಲಸವಲ್ಲ ಎಂದು ಅದೇ ತೀರ್ಪಿನಲ್ಲಿರುವುದನ್ನು ನೆನೆಯುವವರು ವಿರಳ. ರೋಗಿಯ ಮಾತು ಅವಳ ಕಿವಿಗೆ ಬಿತ್ತು, ಅಲ್ಲಿಯೇ ಉಳಿಯಿತು.

ನಮ್ಮ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ, ಮಗಳು ಅರಿವಳಿಕೆಯಲ್ಲಿದ್ದಾಗ ತಾಯಿಯಿಂದ ಪಡೆದ ಸಮ್ಮತಿ ಸಮ್ಮತಿಯಲ್ಲವೆಂದಿತು. ಅಲ್ಲಿ ತೆಗೆದದ್ದು ಗರ್ಭಕೋಶ. 2016ರಲ್ಲಿ, ಸಂತಾನಶಕ್ತಿಹರಣ ಚಿಕಿತ್ಸೆಯ ಫಲಾಫಲಗಳನ್ನು ರೋಗಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಿ, ಯೋಚಿಸಲು ಒಂದು ಗಂಟೆಯಷ್ಟಾದರೂ ಬಿಡುವು ಕೊಡಬೇಕೆಂದಿತು.

ಭಾಷೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಬೈಲಹೊಂಗಲ, ಸವದತ್ತಿಗಳ ಕಡೆಯ ಹೆಣ್ಣುಮಕ್ಕಳು ಡಾಕ್ಟರರ ಎದುರು ‘ಹೂಂನ್ರಿ’ ಎನ್ನುತ್ತಾರೆ, ಹೆಬ್ಬೆಟ್ಟನ್ನೂ ಒತ್ತುತ್ತಾರೆ. ಅದು ಮರ್ಯಾದೆಯ ಮಾತು, ತಿಳಿದು ಆಡಿದ ಮಾತಲ್ಲ. ಸಂದೇಹ ಹೊರಬೀಳುವುದು ರಾತ್ರಿ ನರ್ಸಬಾಯಿ ಹಾಸಿಗೆಯ ಬಳಿ ಬಂದಾಗ: “ಅಕ್ಕಾರ, ಗರ್ಭಚೀಲನೂ ತಗೀತಾರೇನ್ರಿ?”

ವಿವರಿಸುವ ಹೊಣೆ ಶಸ್ತ್ರವೈದ್ಯರದು. ನರ್ಸಬಾಯಿ ಅದನ್ನು ತಾನು ಹೊರತಕ್ಕದ್ದಲ್ಲ. ಅವಳು ಸಾಕ್ಷಿ. ರೋಗಿಗೆ ತಿಳಿದಿಲ್ಲವೆಂದು ಕಂಡರೆ ಕಾಗದವನ್ನು ಬದಿಗಿಟ್ಟು ವೈದ್ಯರನ್ನು ಮರಳಿ ಕರೆಯತಕ್ಕವಳು. ಪರೀಕ್ಷಿಸುವ ರೀತಿಯೂ ಸರಳ. “ತಿಳೀತೇನವ್ವಾ?” ಎಂದರೆ ‘ಹೂಂನ್ರಿ’ ಎಂದೇ ಉತ್ತರ ಬರುತ್ತದೆ. “ನಾಳಿ ನಿನಗ ಏನ್ ಮಾಡ್ತಾರವ್ವಾ, ನನಗಷ್ಟು ಹೇಳು” ಎಂದು ಕೇಳಿ, ಅವಳು ಹೇಳುವತನಕ ಕಾದಿರಬೇಕು.