ಕೌದಿಯ ಹೊಟ್ಟೆಯೊಳಗಿನ ಅರಿವೆ

ಬಳಸಿ ಬಿಟ್ಟ ವಸ್ತುವಿಗೆ ಹೊಸ ರೂಪ ಕೊಟ್ಟು, ಅದರ ಬೆಲೆ ಹೆಚ್ಚುವಂತೆ ಮಾಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಅಪ್‌ಸೈಕ್ಲಿಂಗ್’ ಎಂಬ ಹೆಸರಿದೆ. ಜರ್ಮನಿಯ ಎಂಜಿನಿಯರ್ ರೈನರ್ ಪಿಲ್ಟ್ಸ್ 1994ರಲ್ಲಿ ಬ್ರಿಟನ್ನಿನ ‘ಸಾಲ್ವೊ’ ಪತ್ರಿಕೆಯ ಜೊತೆ ಮಾತನಾಡುತ್ತ ಈ ಪದ ಬಳಸಿದರು. ಪದಕ್ಕೆ ಮೂವತ್ತು ವರ್ಷ ದಾಟಿದೆ, ಅಷ್ಟೆ. ಕೆಲಸ ಮಾತ್ರ ಬಹಳ ಹಳೆಯದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮನೆಗಳಲ್ಲಿ ಈ ಕೆಲಸಕ್ಕೆ ಬೇರೆ ಹೆಸರು ಬೇಕಾಗಿಯೇ ಇರಲಿಲ್ಲ. ಹೆಸರು ಇದ್ದದ್ದು ಮಾಡಿದ ವಸ್ತುಗಳಿಗೆ: ಕೌದಿ, ಸಿಂಬಿ, ಕುಂಚಿಗೆ, ಕಾಗದದ ಬುಟ್ಟಿ.

ಇವುಗಳಲ್ಲಿ ಹಿರಿಯದು ಕೌದಿ. ಉಟ್ಟು ಉಟ್ಟು ಮೆತ್ತಗಾದ ಸೀರೆಯೊಂದು ಕೆಳಗೆ, ಅದರ ಮೇಲೆ ಹರಿದ ಧೋತರ, ಅಂಗಿ, ಮಕ್ಕಳ ಲಂಗ, ಕುಪ್ಪಸದ ಕಣದ ಚೂರು. ಮೇಲಿನ ಪದರಕ್ಕೆ ಬಣ್ಣ ನೋಡಿ ಆಯ್ದ ತುಂಡುಗಳು. ಎಲ್ಲವನ್ನೂ ನೆಲದ ಮೇಲೆ ಹಾಸಿ, ಸುಕ್ಕಿಲ್ಲದಂತೆ ಎಳೆದು, ದಪ್ಪ ನೂಲಿನಿಂದ ಸಾಲು ಸಾಲಾಗಿ ಹೊಲಿಯುತ್ತಾರೆ. ಹೊಲಿಗೆ ಸರಳ: ಸೂಜಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಆದರೆ ಪದರಗಳು ಸರಿಯದಂತೆ, ನೂಲು ಬಿಗಿದು ಬಟ್ಟೆ ಮುದುಡದಂತೆ ಒಂದೇ ಅಳತೆಯಲ್ಲಿ ಸಾವಿರಾರು ಹೊಲಿಗೆ ಹಾಕುವುದು ಸುಲಭದ ಮಾತಲ್ಲ. ಮನೆಯ ಹೆಂಗಸರು ಹೊಲದ ಕೆಲಸ ಮುಗಿದ ಬೇಸಿಗೆಯಲ್ಲಿ ಇದಕ್ಕೆ ಕೂಡುತ್ತಿದ್ದರು. ಊರೂರು ತಿರುಗಿ ಕೌದಿ ಹೊಲಿದುಕೊಡುವ ಗೊಂದಲಿಗರ ಹೆಂಗಸರೂ ಇದ್ದರು. ಅರಿವೆ ಮನೆಯವರದು, ಕೈ ಅವರದು.

ಹಾಸುವುದಕ್ಕೆ, ಹೊದೆಯುವುದಕ್ಕೆ, ಬಂದವರನ್ನು ಕೂಡಿಸುವುದಕ್ಕೆ, ತೊಟ್ಟಿಲಿಗೆ, ಚಕ್ಕಡಿಗೆ ಎಲ್ಲಕ್ಕೂ ಕೌದಿಯೇ. ಹಗಲು ಮಡಚಿ ಒಂದರ ಮೇಲೊಂದು ಒಟ್ಟಿದಾಗ ಅದೇ ಮನೆಯ ಅಲಂಕಾರ. ಬಣ್ಣದ ಆಯ್ಕೆಯಲ್ಲಿ ಹೊಲಿದವಳ ರುಚಿ ಕಾಣುತ್ತಿತ್ತು. ಇಳಕಲ್ಲ ಸೀರೆಯ ಕೆಂಪು ಸೆರಗಿನ ತುಂಡು ಬಿದ್ದ ಕೌದಿಯನ್ನು ದೂರದಿಂದಲೇ ಗುರುತಿಸಬಹುದು. ಮನೆಯವರ ಪಾಲಿಗೆ ಅದೊಂದು ಲೆಕ್ಕದ ಪುಸ್ತಕವೂ ಹೌದು: ಇದು ಅಜ್ಜಿಯ ಸೀರೆ, ಇದು ತೀರಿಹೋದ ಮಾವನ ಅಂಗಿ, ಇದು ಹಿರಿಯ ಮಗಳು ಚಿಕ್ಕವಳಿದ್ದಾಗಿನ ಫ್ರಾಕು.

ಈ ಕಲೆ ಇಲ್ಲಿ ಬೇರುಬಿಟ್ಟದ್ದಕ್ಕೆ ಬಡತನವೊಂದೇ ಕಾರಣ ಎನ್ನುವುದು ಅರ್ಧ ಸತ್ಯ. ಕುಷ್ಟಗಿ, ಯಲಬುರ್ಗಾದ ಕಡೆಯ ಎರೆಹೊಲಗಳಲ್ಲಿ ಮಳೆಯನ್ನೇ ನಂಬಿ ಬೆಳೆದ ಪೈರುಗಳಲ್ಲಿ ಜೋಳದ ಜೊತೆ ಹತ್ತಿಯೂ ಇತ್ತು. ಕುಷ್ಟಗಿಯ ಗಡಿಗೆ ಹತ್ತಿರದಲ್ಲೇ ಇಳಕಲ್ಲು. ಕೊಪ್ಪಳದ ಮಗ್ಗುಲಲ್ಲಿ ನೇಕಾರರ ಭಾಗ್ಯನಗರ. ಬರ ಪದೇ ಪದೇ ಕಾಡಿದ ಸೀಮೆಯಾದ್ದರಿಂದ ಬಟ್ಟೆಯನ್ನು ಬಿಸಾಡುವ ಮಾತೇ ಇರಲಿಲ್ಲ, ನಿಜ. ಜೊತೆಗೆ ಆ ಬಟ್ಟೆಗೂ ಒಂದು ಗುಣವಿತ್ತು. ಹತ್ತಿ ಹಳೆಯದಾದಷ್ಟೂ ಮಿದುವಾಗುತ್ತದೆ, ಬೆವರು ಹೀರುತ್ತದೆ, ಸೂಜಿಗೆ ದಾರಿ ಬಿಡುತ್ತದೆ. ಬಂಗಾಳದ ‘ಕಾಂಥಾ’ ಹುಟ್ಟಿದ್ದೂ ಹೀಗೆ ಹಳೆಯ ಸೀರೆ, ಧೋತರಗಳ ಪದರಗಳಿಂದಲೇ.

ಅರಿವೆಗೆ ಕೌದಿಯಾದರೆ ರದ್ದಿ ಕಾಗದಕ್ಕೆ ಬುಟ್ಟಿ. ಕಾಗದವನ್ನು ನೀರಲ್ಲಿ ನೆನೆಹಾಕಿ, ಮೆಂತ್ಯ ಸೇರಿಸಿ ರುಬ್ಬಿ, ಕೊಡದ ಬೆನ್ನಿಗೋ ಹಳೆಯ ಬಿದಿರು ಬುಟ್ಟಿಗೋ ಮೆತ್ತಿ ಒಣಗಿಸಿದರೆ ಕಾಳು ಹಾಕಿಡಲು ಗಟ್ಟಿ ಬುಟ್ಟಿ ಸಿದ್ಧ. ಮೆಂತ್ಯ ಅಂಟಾಗಿಯೂ ಕೆಲಸ ಮಾಡುತ್ತದೆ, ಅದರ ಕಹಿ ಹುಳುವನ್ನೂ ದೂರ ಇಡುತ್ತದೆ ಎಂಬುದು ಹೆಂಗಸರ ನಂಬಿಕೆ.

ಇದೇ ಬುದ್ಧಿ ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ದೊಡ್ಡ ಕಲೆಯಾಗಿ ಬೆಳೆದಿದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಿನ್ನಾಳದ ಗೊಂಬೆಗಳನ್ನು ಎಲ್ಲರೂ ಮರದ ಗೊಂಬೆಗಳು ಎನ್ನುತ್ತಾರೆ. ಆ ಮಾತು ಪೂರ್ತಿ ಸರಿಯಲ್ಲ. ಚಿತ್ರಗಾರರ ಮನೆಗಳಲ್ಲಿ ಹಗುರ ಮರದ ಅವಯವಗಳನ್ನು ಕೆತ್ತಿ, ಹುಣಸೆಬೀಜ ಮತ್ತು ಬೆಣಚುಕಲ್ಲಿನ ಸರಿಯಿಂದ ಜೋಡಿಸುತ್ತಾರೆ. ಆಮೇಲೆ ಬರುವುದು ‘ಕಿಟ್ಟ’. ಹಳೆಯ ಗೋಣಿಯ ಚಿಂದಿಯನ್ನು ನೆನೆಸಿ, ಸೀಳಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಂದಿಗೆ ಕುಟ್ಟಿದ ಮುದ್ದೆ ಅದು. ಅದನ್ನು ಗೊಂಬೆಗೆ ಕೈಯಿಂದ ಮೆತ್ತಿ, ಮೇಲೆ ಹತ್ತಿಯ ಚೂರುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಸರಿ ಬಳಿದ ಮೇಲೆಯೇ ಬಣ್ಣ. ಉಬ್ಬಿ ಕಾಣುವ ಒಡವೆ, ಕಿರೀಟದ ಕುಸುರಿಗಳೂ ಕಲ್ಲುಪುಡಿ ಮತ್ತು ಗೋಂದಿನವೇ. ಗರುಡ, ಹನುಮಂತರ ಮೈ ತುಂಬಿಕೊಂಡಿರುವುದು ಗೋಣಿಚೀಲ. ನೋಡುವವನಿಗೆ ಇದು ಗೊತ್ತಾಗದಿರುವುದೇ ಕುಶಲತೆ. ಹಂಪಿಯ ವಿರೂಪಾಕ್ಷ ದೇವಾಲಯದ ಮಂಟಪದ ಚಾವಣಿಗೆ ಚಿತ್ರ ಬರೆದವರು ಈ ಚಿತ್ರಗಾರರ ಪೂರ್ವಿಕರು ಎಂಬ ನಂಬಿಕೆ ಊರಲ್ಲಿದೆ.

ಈ ಕಲೆಗಳಿಗೆ ಒದಗಿದ ಕಷ್ಟವನ್ನು ಹೇಳುವಾಗ ಹೊಸಬರು ಕಲಿಯುವುದಿಲ್ಲ, ಕೊಳ್ಳುವವರಿಲ್ಲ ಎಂಬ ಮಾತು ಮೊದಲು ಬರುತ್ತದೆ. ಅದಕ್ಕಿಂತ ಮೊದಲೇ ಆದ ಬದಲಾವಣೆ ಇನ್ನೊಂದಿದೆ. ಹಳೆಯದನ್ನು ಹೊಸದಾಗಿಸುವ ಕಲೆ ನಿಂತಿರುವುದು ಅಂಗಡಿಯಿಂದ ಮನೆಗೆ ಬರುವ ಹೊಸದರ ಮೇಲೆ. ಬಂದ ಬಟ್ಟೆ ಹತ್ತಿಯದಾಗಿದ್ದರೆ ಹತ್ತಿಪ್ಪತ್ತು ವರ್ಷದ ಮೇಲೆ ಕೌದಿ. 1985ರ ಜವಳಿ ನೀತಿ ಕೃತಕ ನೂಲಿಗೆ ಬಾಗಿಲು ಅಗಲವಾಗಿ ತೆರೆಯಿತು. ಪಾಲಿಯೆಸ್ಟರ್ ಸೀರೆ ಅಗ್ಗ, ಬಣ್ಣ ಬಿಡದು, ಒಗೆದ ಗಳಿಗೆಯಲ್ಲಿ ಒಣಗುತ್ತದೆ; ದಿನವಿಡೀ ದುಡಿಯುವ ಹೆಂಗಸು ಅದನ್ನು ಆರಿಸಿಕೊಂಡದ್ದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಅದು ಹಳೆಯದಾದರೂ ಮಿದುವಾಗುವುದಿಲ್ಲ, ಬೆವರು ಹೀರುವುದಿಲ್ಲ, ಪದರದೊಳಗೆ ಜಾರುತ್ತದೆ. ಅದರಲ್ಲೂ ಕೌದಿ ಹೊಲಿಯುತ್ತಾರೆ. ಬೇಸಿಗೆಯ ರಾತ್ರಿ ಅದರ ಮೇಲೆ ಮಲಗಿದವರಿಗೆ ವ್ಯತ್ಯಾಸ ಗೊತ್ತು.

ಗೋಣಿಯ ಕಥೆಯೂ ಇಷ್ಟೆ. ಪ್ಲಾಸ್ಟಿಕ್ ಚೀಲದ ಪೈಪೋಟಿಯಿಂದ ಸೆಣಬನ್ನು ಕಾಪಾಡಲು ಕೇಂದ್ರ ಸರ್ಕಾರ 1987ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ತುಂಗಭದ್ರೆಯ ನೀರಿನಿಂದ ಭತ್ತದ ಕಣಜವಾದ ಗಂಗಾವತಿಯ ಸೀಮೆಯಲ್ಲೂ ಇಂದು ಮನೆಗೆ ಬರುವ ಅಕ್ಕಿ ಸಾಮಾನ್ಯವಾಗಿ ಪ್ಲಾಸ್ಟಿಕ್ ಚೀಲದಲ್ಲಿ. ಆ ಚೀಲವನ್ನು ನೆನೆಸಿ ಕುಟ್ಟಿದರೆ ಕಿಟ್ಟವಾಗುವುದಿಲ್ಲ.

ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಮಾತ್ರ ಹೊಸ ದಾರಿಯೊಂದು ಸಿಕ್ಕಿದೆ. ಬಾಳೆ ಒಮ್ಮೆ ಗೊನೆ ಬಿಟ್ಟರೆ ಮುಗಿಯಿತು, ದಿಂಡನ್ನು ಕಡಿದೊಗೆಯಬೇಕು. ನದಿದಂಡೆಯ ತೋಟಗಳ ಈ ಕಸದಿಂದ ನಾರು ತೆಗೆದು ಹುರಿ ಹೊಸೆದು, ಚಾಪೆ, ಬುಟ್ಟಿ, ಚೀಲ ಹೆಣೆಯುವ ಕೆಲಸವನ್ನು ಶಮಾ ಪವಾರ್ ಅವರ ಕಿಷ್ಕಿಂದಾ ಟ್ರಸ್ಟ್ ಊರ ಹೆಂಗಸರೊಂದಿಗೆ ಬೆಳೆಸಿತು. ಕೊಳ್ಳುವವರು ಹಂಪಿಗೆ ಬಂದ ಪ್ರವಾಸಿಗರು, ಪಟ್ಟಣಗಳವರು. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳೂ ಹೀಗೆಯೇ ಸಮುದ್ರ ದಾಟಿ ಅಮೆರಿಕದ ಪ್ರದರ್ಶನಗಳಲ್ಲಿ ಗೋಡೆಗೇರಿದವು.

ಗೋಡೆಗೇರಿದ ಕೌದಿ ಸವೆಯುವುದಿಲ್ಲ. ಮನೆಯ ಕೌದಿಯ ಪಾಡು ಬೇರೆ. ಹಾಸಿ, ಹೊದ್ದು, ಹಳ್ಳದ ಬಂಡೆಯ ಮೇಲೆ ಬಡಿದು ಒಗೆದು, ಕೊನೆಗೆ ನೂಲು ಕಿತ್ತುಬಂದಾಗ ಅದನ್ನು ಇಡಿಯಾಗಿ ಎರಡು ಸೀರೆಗಳ ನಡುವೆ ಇಟ್ಟು ಮತ್ತೆ ಹೊಲಿಯುತ್ತಾರೆ. ಮೇಲಿನ ಸೀರೆ ಈಗ ಪಾಲಿಯೆಸ್ಟರಿನದಾಗಿರಬಹುದು. ಹೊಟ್ಟೆಯೊಳಗೆ ಇನ್ನೂ ಅಜ್ಜಿಯ ಹತ್ತಿಸೀರೆ ಇರುತ್ತದೆ.